ಮಗಳ ಹೆಸರಿನ ಬಾಟಲಿ

ಬೇಕರಿ ಮನೆಯಲ್ಲಿ ಕೆಮ್ಮು ಹೊಸ ಸಂಗತಿಯಲ್ಲ. ಮೈದಾ ಜರಡಿ ಹಿಡಿಯುವವರು ಕೆಮ್ಮುತ್ತಾರೆ, ಒಲೆಯ ಬಾಯಿ ತೆರೆಯುವವರು ಕೆಮ್ಮುತ್ತಾರೆ. ಯಾರೂ ಕೆಮ್ಮದ ದಿನ ಅಂಗಡಿಗೆ ರಜೆ ಎಂದು ತಿಳಿಯಬೇಕು. ಹಾಗಾಗಿ ಅತ್ತೆ ಕೆಮ್ಮತೊಡಗಿದಾಗ ಮೊದಲ ವಾರ ಯಾರೂ ತಲೆ ಎತ್ತಿ ನೋಡಲಿಲ್ಲ.

ಎರಡನೆಯ ವಾರ ಸೊಸೆ ತಲೆ ಎತ್ತಿದಳು.

ಅವಳು ನಿಲ್ಲುವುದು ಅಂಗಡಿಯ ಮುಂಗಟ್ಟೆಯಲ್ಲಿ. ಒಳಗೆ ಹಿಟ್ಟು ನಾದುವ ಕೋಣೆ, ನಡುವೆ ಒಂದು ಬಟ್ಟೆಯ ಪರದೆ. ಪರದೆಯಾಚೆಯ ಸದ್ದು ಕೇಳಿ ಕೇಳಿ, ಯಾವ ಟ್ರೇ ಒಲೆಗೆ ಹೋಯಿತು, ಯಾವುದು ಹೊರಬಂತು ಎಂದು ನೋಡದೆಯೇ ಹೇಳಬಲ್ಲಳು. ಹಿಟ್ಟಿನ ಕೆಮ್ಮೂ ಅವಳಿಗೆ ಗೊತ್ತು. ಅದು ಧೂಳಿನ ಜೊತೆ ಬಂದು ಒಂದು ಲೋಟ ನೀರಿನ ಜೊತೆ ಹೋಗುತ್ತದೆ. ಈ ಕೆಮ್ಮು ಹೋಗುತ್ತಿರಲಿಲ್ಲ. ಅತ್ತೆ ಹಿಟ್ಟಿನ ಹತ್ತಿರ ಇಲ್ಲದಾಗಲೂ, ಹಿತ್ತಲಲ್ಲಿ ಬಟ್ಟೆ ಹರವುವಾಗಲೂ ಬರುತ್ತಿತ್ತು. ಸಂಜೆಯಾದರೆ ಅವರ ಅಂಗೈ ಬಿಸಿಯಾಗುತ್ತಿತ್ತು. ರವಿಕೆಯ ತೋಳು ಸಡಿಲವಾಗಿತ್ತು. ದಿನಕ್ಕೆ ಎರಡು ಚೊಂಬು ನೀರು ಕುಡಿದರೂ ಬಾಯಾರಿಕೆ ಅನ್ನುತ್ತಿದ್ದರು.

ಇದೆಲ್ಲಕ್ಕಿಂತ ಹೆಚ್ಚಾಗಿ ಸೊಸೆ ಅಂಜಿದ್ದು ಮಧ್ಯಾಹ್ನದ ನಿದ್ದೆಯ ಹೊತ್ತಿಗೆ. ಅವಳ ಮಗಳಿಗೆ ಹದಿನಾಲ್ಕು ತಿಂಗಳು. ಗುಂಡುಗುಂಡಗೆ ಇದ್ದ ಆ ಮಗುವನ್ನು ಇಡೀ ಬೀದಿ ‘ಬನ್ನು’ ಎಂದೇ ಕರೆಯುತ್ತಿತ್ತು. ಹುಟ್ಟಿದಂದಿನಿಂದ ಬನ್ನು ಮಧ್ಯಾಹ್ನ ಮಲಗುವುದು ಅಜ್ಜಿಯ ಪಕ್ಕದಲ್ಲಿ, ಅಜ್ಜಿಯ ಮುಖಕ್ಕೆ ಮುಖ ಕೊಟ್ಟು.

“ಅತ್ತೆ, ಬನ್ನು ಇವತ್ತು ನನ್ನ ಹತ್ರ ಮಲಗ್ಲಿ,” ಎಂದಳು ಸೊಸೆ.

“ಯಾಕೆ, ನನ್ನ ಪಕ್ಕದಲ್ಲಿ ಮುಳ್ಳಿದೆಯಾ?”

“ಮುಳ್ಳಲ್ಲ ಅತ್ತೆ, ಕೆಮ್ಮು.”

“ಇದು ಹಿಟ್ಟಿನ ಕೆಮ್ಮು. ನಿನ್ನ ಮಾವನಿಗೂ ಇತ್ತು, ಅವರಪ್ಪನಿಗೂ ಇತ್ತು. ಈ ಮನೆಗೆ ಬಂದೋರಿಗೆ ಒಡವೆ ಸಿಗದಿದ್ರೂ ಕೆಮ್ಮಂತೂ ಸಿಗುತ್ತೆ. ನಿನಗಿನ್ನೂ ಸಿಕ್ಕಿಲ್ಲ, ಅದಕ್ಕೇ ಹೊಟ್ಟೆಕಿಚ್ಚು.”

ಒಲೆಯ ಮುಂದಿದ್ದ ಮಗ ನಕ್ಕ. ಸೊಸೆಗೆ ನಗು ಬರಲಿಲ್ಲ.

ಅತ್ತೆ ದಡ್ಡರಲ್ಲ, ಅಜಾಗರೂಕರೂ ಅಲ್ಲ. ಆ ಬೇಕರಿಯ ಶಿಸ್ತೆಲ್ಲ ಅವರದೇ. ಅಲ್ಲಿ ಎರಡು ಬಗೆಯ ಬ್ರೆಡ್ ಮಾಡುತ್ತಿದ್ದರು. ಒಂದು ಸಿಹಿ, ಇನ್ನೊಂದು ಸಕ್ಕರೆ ಹಾಕದ್ದು. ಬಣ್ಣ, ಗಾತ್ರ ಎರಡೂ ಒಂದೇ. ಟ್ರೇಯ ಮೂಲೆಗೆ ಒಂದು ಚೂರು ಹಸಿ ಹಿಟ್ಟು ಮೆತ್ತಿ, ಅದರ ಮೇಲೆ ಚೀಟಿ ಅಂಟಿಸುವುದು ಅತ್ತೆಯ ಕೆಲಸ. ಒಮ್ಮೆ ಮಗ ಅವಸರದಲ್ಲಿ ಚೀಟಿ ಅದಲುಬದಲು ಮಾಡಿದ್ದ. ಅಂದು ಅತ್ತೆ ಎರಡೂ ಟ್ರೇಗಳನ್ನು ಮಾರಲು ಬಿಡಲಿಲ್ಲ. “ಬ್ರೆಡ್ಡಿಗೆ ಬಾಯಿಲ್ಲ ಕಣೋ, ಚೀಟಿಯೇ ಅದರ ಬಾಯಿ. ನೀನು ಬಾಯಿ ತಪ್ಪಿಸಿದ್ರೆ ಸಕ್ಕರೆ ಕಾಯಿಲೆಯೋನು ಸಕ್ಕರೆ ತಿಂದು ಬಿದ್ದುಹೋಗ್ತಾನೆ,” ಎಂದು ಬೀದಿಗೆಲ್ಲ ಕೇಳುವಂತೆ ಬೈದಿದ್ದರು.

ದಿನಾ ಸಂಜೆ ನಾಲ್ಕಕ್ಕೆ ಸೂಜಿಯಕ್ಕ ಬರುತ್ತಿದ್ದರು. ಆರೋಗ್ಯ ಕೇಂದ್ರದ ಲ್ಯಾಬ್‌ನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವವರು. ಅವರ ನಿಜವಾದ ಹೆಸರು ಮರೆತು ಎಷ್ಟೋ ಕಾಲವಾಗಿತ್ತು. ಎರಡು ಬನ್ ಕಟ್ಟಿಸಿಕೊಂಡು ಹೊರಡುವವರು ಅಂದು ಪರದೆಯ ಕಡೆ ಕಿವಿಗೊಟ್ಟು ನಿಂತರು.

“ಒಳಗೆ ಕೆಮ್ತಿರೋದು ದೊಡ್ಡಮ್ಮನಾ? ಎಷ್ಟು ದಿನ ಆಯ್ತು?”

“ಮೂರು ವಾರ,” ಎಂದಳು ಸೊಸೆ, ಮೆಲ್ಲಗೆ.

“ಮೂರು ದಿನ!” ಎಂದು ಪರದೆಯ ಒಳಗಿಂದ ಉತ್ತರ ಬಂತು. ಜೊತೆಗೆ ಕೆಮ್ಮೂ ಬಂತು.

ಸೂಜಿಯಕ್ಕ ಪರದೆ ಸರಿಸಿ ಒಳಗೆ ಹೋದರು. “ದೊಡ್ಡಮ್ಮ, ಎರಡು ವಾರ ದಾಟಿದ ಕೆಮ್ಮನ್ನ ಮನೇಲಿ ಇಟ್ಕೋಬಾರದು. ನಾಳೆ ಬನ್ನಿ. ಕಫ ನೋಡೋಣ, ಸಕ್ಕರೆನೂ ನೋಡೋಣ. ಒಂದೇ ಸಲಕ್ಕೆ ಆಗುತ್ತೆ.”

ಕಫ ಎಂಬ ಮಾತು ಬಿದ್ದದ್ದೇ ಅತ್ತೆಯ ಕೈ ಹಿಟ್ಟಿನಲ್ಲಿ ನಿಂತುಹೋಯಿತು.

“ಆ ಹಳದಿ ಬಾಗಿಲಿಗಾ? ನಾನು ಬರಲ್ಲ.”

ಹಳದಿ ಬಾಗಿಲು ಯಾವುದೆಂದು ಆ ಊರಿನ ಹಿರಿಯರಿಗೆಲ್ಲ ಗೊತ್ತು. ಹಿಂದೆ ಆರೋಗ್ಯ ಕೇಂದ್ರದಲ್ಲಿ ಒಂದೊಂದು ಕಾಯಿಲೆಗೆ ಒಂದೊಂದು ಕೋಣೆ. ಸಕ್ಕರೆ, ಜ್ವರಕ್ಕೆ ಮುಂದುಗಡೆ. ಬಸುರಿಯರಿಗೆ ಬಲಗಡೆ. ಕ್ಷಯದ ಪರೀಕ್ಷೆಗೆ ಮಾತ್ರ ಕಾಂಪೌಂಡ್ ಗೋಡೆಯ ಉದ್ದಕ್ಕೂ ನಡೆದು, ಹಿಂದಿನ ಹಳದಿ ಬಾಗಿಲಿಗೆ ಹೋಗಬೇಕಿತ್ತು. ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಆ ದಿನಗಳಲ್ಲಿ ಆ ಗೋಡೆಯ ಪಕ್ಕ ನಡೆದವರನ್ನು ಎದುರಿನ ಅಂಗಡಿಗಳ ಕಣ್ಣುಗಳೆಲ್ಲ ಹಿಂಬಾಲಿಸುತ್ತಿದ್ದವು. ಹಾಗೆ ನಡೆದವರಲ್ಲಿ ಅತ್ತೆಯ ಅಕ್ಕನೂ ಒಬ್ಬಳು.

“ನಮ್ಮಕ್ಕ ಎರಡು ಸಲ ಹೋದಳು. ಎರಡನೇ ಸಲ ವಾಪಸ್ ಬರೋಷ್ಟರಲ್ಲಿ ಅವಳ ಮಗಳ ಸಂಬಂಧ ಮುರಿದಿತ್ತು,” ಎಂದರು ಅತ್ತೆ. “ಮೂರನೇ ಸಲ ಹೋಗಲಿಲ್ಲ. ಅದೇ ವರ್ಷ ತೀರಿಕೊಂಡಳು. ಈಗ ನಾನು ಅಲ್ಲಿ ನಡೆದ್ರೆ, ನಮ್ಮ ಬ್ರೆಡ್ ಯಾರು ಮುಟ್ಟುತ್ತಾರೆ? ಊರಿನ ಬಾಯಿಗೆ ಮುಚ್ಚಳ ಇದೆಯಾ?”

“ಆ ಬಾಗಿಲಿಂದ ಈಗ ಒಳಗೆ ಹೋಗೋದು ಪೊರಕೆ, ಬಕೆಟ್ಟು ಮಾತ್ರ ದೊಡ್ಡಮ್ಮ,” ಎಂದು ಸೂಜಿಯಕ್ಕ ಸ್ಟೂಲ್ ಎಳೆದುಕೊಂಡು ಕೂತರು. “ಹೋದ ವರ್ಷವೇ ಎಲ್ಲ ಸೇರಿಸಿಬಿಟ್ರು. ಒಂದೇ ಲ್ಯಾಬು, ಒಂದೇ ಕಿಟಕಿ, ಒಂದೇ ಸಾಲು. ಸಕ್ಕರೆಯೋರೂ ಅಲ್ಲೇ, ಕೆಮ್ಮಿನೋರೂ ಅಲ್ಲೇ, ಎಚ್‌ಐವಿ ಪರೀಕ್ಷೆಯೋರೂ ಅಲ್ಲೇ. ಯಾರು ಯಾತಕ್ಕೆ ಬಂದ್ರು ಅಂತ ಸಾಲಲ್ಲಿ ನಿಂತೋರಿಗೆ ಗೊತ್ತೇ ಆಗಲ್ಲ.”

“ಸೇರಿಸಿಬಿಟ್ರಾ? ಅಯ್ಯೋ! ಬಸುರಿಯ ರಕ್ತ, ಕೆಮ್ಮೋರ ಕಫ, ಎಲ್ಲಾ ಒಂದೇ ಕಡೆ ಹಾಕಿ ನಾದುತ್ತೀರಾ?”

ಸೂಜಿಯಕ್ಕ ನಕ್ಕುಬಿಟ್ಟರು. “ನಿಮ್ಮ ಮನೇಲಿ ಒಲೆ ಎಷ್ಟು?”

“ಒಂದು.”

“ಬನ್ನು, ಬ್ರೆಡ್ಡು, ಬಿಸ್ಕತ್ತು ಮೂರೂ ಅದರಲ್ಲೇ ಬೇಯುತ್ತೆ. ಬಿಸ್ಕತ್ತು ತಿಂದೋರಿಗೆ ಬನ್ನಿನ ರುಚಿ ಬರುತ್ತಾ?”

“ಯಾಕೆ ಬರುತ್ತೆ? ಟ್ರೇ ಬೇರೆ, ಬೇಯೋ ಹೊತ್ತು ಬೇರೆ, ಚೀಟಿ ಬೇರೆ.”

“ನಮ್ಮಲ್ಲೂ ಅಷ್ಟೇ. ಕಫದ ಬಾಟಲಿ ಬಿಚ್ಚೋ ಜಾಗ ಬೇರೆ. ಅಲ್ಲಿನ ಗಾಳಿ ಹೊರಗೆ ಹೋಗೋಕೆ ದಾರಿ ಬೇರೆ. ಯಂತ್ರ ಮಾತ್ರ ಎಲ್ಲರದು. ಮೊದಲು ಏನಾಗ್ತಿತ್ತು ಗೊತ್ತಾ? ಹಿಂದಿನ ಕೋಣೆಯವರು ರಜೆ ಹಾಕಿದ್ರೆ ಕ್ಷಯದ ಪರೀಕ್ಷೆ ನಿಂತುಹೋಗ್ತಿತ್ತು. ನಾನು ಮುಂದಿನ ಕೋಣೆಯಲ್ಲಿ ಸುಮ್ನೆ ಕೂತಿರ್ತಿದ್ದೆ, ಆದ್ರೂ ಆ ಬೀಗ ಮುಟ್ಟೋ ಹಾಗಿರಲಿಲ್ಲ. ಒಂದು ಕೋಣೆಯಲ್ಲಿ ಔಷಧ ಅವಧಿ ಮುಗಿದು ಚೆಲ್ತಿದ್ರು, ಪಕ್ಕದ ಕೋಣೆಯಲ್ಲಿ ಔಷಧ ಇಲ್ಲ ಅಂತ ಜನರನ್ನ ವಾಪಸ್ ಕಳಿಸ್ತಿದ್ರು.”

“ಬನ್ನಿಗೊಂದು ಒಲೆ, ಬಿಸ್ಕತ್ತಿಗೊಂದು ಒಲೆ ಹಚ್ಚಿದ ಹಾಗಾಯ್ತು,” ಎಂದು ಅತ್ತೆ ಗೊಣಗಿದರು. “ಸೌದೆಗೆ ದಂಡ.”

ಕೊನೆಗೆ ಅತ್ತೆ, “ಸರಿ, ಸಕ್ಕರೆ ನೋಡಿಸ್ತೀನಿ,” ಎಂದರು. ಕಫದ ಮಾತು ಎತ್ತಲಿಲ್ಲ.

ಮರುದಿನ ಮೂವರೂ ಹೋದರು, ಅತ್ತೆ, ಸೊಸೆ, ಸೊಂಟದ ಮೇಲೆ ಬನ್ನು. ಕಿಟಕಿಯಲ್ಲಿ ಅತ್ತೆಯ ಹೆಸರು ಬರೆದು ಒಂದು ಕಾರ್ಡ್ ಕೊಟ್ಟರು. ಕಾರ್ಡಿನ ಮೇಲೆ ಒಂದು ಸಂಖ್ಯೆ. “ಇನ್ನು ಮೇಲೆ ಯಾವ ಪರೀಕ್ಷೆಗೆ ಬಂದ್ರೂ ಇದೇ ನಂಬರು. ಎಲ್ಲ ವರದಿಯೂ ಒಂದೇ ಕಡೆ ಸೇರುತ್ತೆ,” ಎಂದರು ಸೂಜಿಯಕ್ಕ, ರಕ್ತ ತೆಗೆಯುತ್ತಾ. ಆಮೇಲೆ ಅಗಲ ಬಾಯಿಯ ಒಂದು ಪ್ಲಾಸ್ಟಿಕ್ ಬಾಟಲಿ ಕೊಟ್ಟರು. “ನಾಳೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಬಯಲಲ್ಲಿ ನಿಂತು, ಎದೆಯ ಆಳದಿಂದ ಕೆಮ್ಮಿ ಕಫ ತೆಗೀರಿ. ಎಂಜಲು ಬೇಡ. ಈ ಕಾರ್ಡ್ ಜೊತೆ ತಂದುಕೊಡಿ. ನಾಳೆ ನಾನು ಇರಲ್ಲ, ಶಾಲೆಗಳಿಗೆ ಹೋಗ್ಬೇಕು. ಕಿಟಕಿಯಲ್ಲಿ ಕೊಟ್ರೆ ಸಾಕು.”

ಮರುದಿನ ಬೆಳಿಗ್ಗೆ ಅತ್ತೆ ಒಬ್ಬರೇ ಹೊರಟರು. “ನೀನು ಅಂಗಡಿ ನೋಡು, ನಾನೇನು ದಾರಿ ತಪ್ಪಲ್ಲ,” ಎಂದರು. ಬಾಟಲಿಯನ್ನು ಬ್ರೆಡ್ ಸುತ್ತುವ ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಸೆರಗಿನಡಿ ಹಿಡಿದುಕೊಂಡಿದ್ದರು.

ಕಾರ್ಡನ್ನು ಮಾತ್ರ ದಿಂಬಿನ ಕೆಳಗೆ ಬಿಟ್ಟಿದ್ದರು.

ಹಳದಿ ಬಾಗಿಲಿನ ಕಾಲದಲ್ಲಿ ಊರಿನ ಜನ ಕಲಿತ ಒಂದು ಉಪಾಯವಿತ್ತು. ಅಲ್ಲಿ ಯಾರೂ ತಮ್ಮ ಹೆಸರು ಹೇಳುತ್ತಿರಲಿಲ್ಲ. ದೂರದ ನೆಂಟರ ಹೆಸರು ಹೇಳಿ, ಚೀಟಿಯನ್ನು ತಾವೇ ಹೋಗಿ ತರುತ್ತಿದ್ದರು. ಬಾಗಿಲು ಮುಚ್ಚಿದರೂ ಆ ಉಪಾಯ ಅತ್ತೆಯ ತಲೆಯಲ್ಲಿ ಮುಚ್ಚಿರಲಿಲ್ಲ. ಕಿಟಕಿಯಲ್ಲಿ ಕೂತ ಹೊಸಬ “ಯಾರದು ಅಜ್ಜಿ?” ಎಂದಾಗ ಅವರು ಬಾಯಿ ಬಿಟ್ಟದ್ದೇ ಹಾಗೆ.

“ನನ್ನ ಮಗಳದು. ಅವಳಿಗೆ ಬರೋಕಾಗಲಿಲ್ಲ.”

ಮಗಳು ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಊರಿನಲ್ಲಿ ಗಂಡನ ಮನೆಯಲ್ಲಿದ್ದಳು. ಅವಳ ಹೆಸರು ಕೊಟ್ಟರು. ವಿಳಾಸ ಕೇಳಿದಾಗ ಗಡಿಬಿಡಿಯಾಯಿತು. ಸುಳ್ಳು ಹೇಳಲೂ ರೂಢಿ ಬೇಕು. ಬಾಯಿಗೆ ಬಂದದ್ದು ಮಗಳ ನಿಜವಾದ ವಿಳಾಸ. ಫೋನ್ ಕೇಳಿದಾಗ ಎಚ್ಚೆತ್ತು, ಅಂಗಡಿಯ ಹಳೆಯ ನಂಬರ್ ಕೊಟ್ಟರು. ಆ ನಂಬರ್ ಸತ್ತು ಎರಡು ವರ್ಷವಾಗಿತ್ತು.

ಹೊಸಬ ಬಾಟಲಿಗೆ ಬೇರೊಂದು ಸಂಖ್ಯೆ ಅಂಟಿಸಿ ಒಳಗಿಟ್ಟ.

ಮೂರು ದಿನ ಬಿಟ್ಟು ಅತ್ತೆ ಸೊಸೆಯ ಜೊತೆ ಹೋಗಿ, ಅವಳನ್ನು ಹೊರಗೆ ನಿಲ್ಲಿಸಿ, ಫಲಿತಾಂಶದ ಕಾಗದ ಕೇಳಿದರು. “ಮಗಳದ್ದನ್ನ ಮಗಳಿಗೇ ಹೇಳ್ಬೇಕು ಅಜ್ಜಿ. ಬೇರೆಯೋರಿಗೆ ಕೊಡೋ ಹಾಗಿಲ್ಲ,” ಎಂದ ಅವನು. ಎಷ್ಟು ಕಾಡಿದರೂ ಕೊಡಲಿಲ್ಲ. ಅತ್ತೆ ತಮ್ಮಷ್ಟಕ್ಕೆ ಸಮಾಧಾನ ಮಾಡಿಕೊಂಡರು. ಏನಾದರೂ ಇದ್ದರೆ ಅವರೇ ಫೋನ್ ಮಾಡುತ್ತಿದ್ದರಲ್ಲ, ಫೋನ್ ಬಂದಿಲ್ಲ ಎಂದರೆ ಏನೂ ಇಲ್ಲ. ಯಾವ ಫೋನಿಗೆ ಬರಬೇಕಿತ್ತು ಎಂಬುದನ್ನು ನೆನೆಯಲು ಅವರ ಮನಸ್ಸು ಒಪ್ಪಲಿಲ್ಲ.

ಅದೇ ದಿನ ಅವರ ಸ್ವಂತ ಹೆಸರಿನ ವರದಿ ಡಾಕ್ಟರ ಮುಂದಿತ್ತು. ಸಕ್ಕರೆ ಏರಿತ್ತು. ಡಾಕ್ಟರು ಮಾತ್ರೆ ಬರೆದು, “ಕಫ ಪರೀಕ್ಷೆ ಇಲ್ಲಿ ಕಾಣ್ತಿಲ್ಲ. ಕೊಡಲಿಲ್ವಾ?” ಎಂದು ಕೇಳಿದರು.

“ಕೆಮ್ಮು ನಿಂತುಹೋಗಿದೆ ಡಾಕ್ಟ್ರೇ,” ಎಂದರು ಅತ್ತೆ. ಹಾಗೆ ಹೇಳಿ, ಎದೆಯಿಂದ ಏರುತ್ತಿದ್ದ ಕೆಮ್ಮನ್ನು ಗಂಟಲಲ್ಲೇ ಹಿಡಿದು ಎದ್ದರು. ಬಾಗಿಲು ದಾಟುವಷ್ಟರಲ್ಲಿ ಕಣ್ಣಲ್ಲಿ ನೀರು ತುಂಬಿತ್ತು.

ಹೊರಗೆ ಬನ್ನುವನ್ನು ಎತ್ತಿಕೊಂಡು ನಿಂತಿದ್ದ ಸೊಸೆ ಆ ನೀರನ್ನು ಕಂಡಳು. “ಕಫದ್ದು ಏನಂದ್ರು ಅತ್ತೆ?”

“ಏನೂ ಇಲ್ಲವಂತೆ.”

“ಕಾಗದ?”

“ಏನೂ ಇಲ್ಲದ್ದಕ್ಕೆ ಕಾಗದ ಯಾಕೆ? ಇಲ್ಲ ಅಂತ ಬರೆದುಕೊಡೋಕೆ ಅವರಿಗೇನು ಬೇರೆ ಕೆಲಸ ಇಲ್ವಾ?”

ಸೊಸೆ ಅಂದಿನಿಂದ ಮಧ್ಯಾಹ್ನದ ಹೊತ್ತಿಗೆ ಒಂದಲ್ಲ ಒಂದು ನೆಪ ಹುಡುಕತೊಡಗಿದಳು. ಇಂದು ಮಗುವಿಗೆ ಹೊಟ್ಟೆನೋವು, ನಾಳೆ ಮಗುವಿಗೆ ಸೆಕೆ. ಎರಡು ದಿನ ನಡೆಯಿತು. ಮೂರನೆಯ ದಿನ ಬನ್ನುವೇ ಚಾಪೆಯ ಕಡೆ ಕೈ ಚಾಚಿ ಅತ್ತಳು. ಅತ್ತೆ ಗೆದ್ದವರಂತೆ ಮೊಮ್ಮಗಳನ್ನು ಎಳೆದುಕೊಂಡು ಮಲಗಿದರು. ಸೊಸೆ ಅಂಗಡಿಯಲ್ಲಿ ನಿಂತು, ಪರದೆಯಾಚೆ ಯಾರು ಕೆಮ್ಮುತ್ತಿದ್ದಾರೆ, ದೊಡ್ಡವರೋ ಮಗುವೋ ಎಂದು ಕೇಳಿಸಿಕೊಳ್ಳುತ್ತಿದ್ದಳು. ಗಿರಾಕಿಗಳು ಎರಡೆರಡು ಸಲ ಕೂಗಬೇಕಾಗುತ್ತಿತ್ತು.

ಬಾಟಲಿ ಕೊಟ್ಟ ಒಂಬತ್ತನೆಯ ದಿನ, ಹತ್ತು ಗಂಟೆಯ ಹೊತ್ತಿಗೆ ಫೋನ್ ಬಂತು. ನಾದಿನಿ.

“ಅತ್ತಿಗೆ, ಅಲ್ಲೇನು ನಡೀತಿದೆ?” ಅವಳು ಒಂದೇ ಉಸಿರಿಗೆ ಹೇಳುತ್ತಾ ಹೋದಳು. “ನಿನ್ನೆ ಇಲ್ಲಿನ ಆರೋಗ್ಯ ಕೇಂದ್ರದಿಂದ ಒಬ್ಬರು ಮನೆಗೆ ಬಂದಿದ್ರು. ಪಾಪ, ನನ್ನನ್ನ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ್ರು. ನನ್ನ ಕಫದಲ್ಲಿ ಕ್ಷಯ ಇದೆಯಂತೆ. ಒಂದು ವಾರದಿಂದ ಫೋನ್ ಮಾಡ್ತಿದ್ದಾರಂತೆ, ಹೋಗ್ತಿಲ್ಲವಂತೆ. ಅತ್ತಿಗೆ, ನಾನು ಯಾವ ಕಫವನ್ನೂ ಕೊಟ್ಟಿಲ್ಲ! ನಿಮ್ಮೂರಿಗೆ ಬಂದೇ ಐದು ತಿಂಗಳಾಯ್ತು! ನಮ್ಮತ್ತೆ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡ್ರು. ನಿನ್ನೆಯಿಂದ ನನ್ನ ಲೋಟ ಬೇರೆ ಇಟ್ಟಿದ್ದಾರೆ.”

ಸೊಸೆಯ ಕಣ್ಣು ತಾನಾಗಿಯೇ ಪರದೆಯ ಕಡೆ ಹೋಯಿತು. ಒಳಗೆ ಅತ್ತೆ ಚೀಟಿ ಅಂಟಿಸುತ್ತಿದ್ದರು. ಬನ್ನು ಅವರ ಕಾಲ ಬಳಿ ಕೂತು ಹಿಟ್ಟಿನ ಉಂಡೆ ಅದುಮುತ್ತಿದ್ದಳು.

ಅವಳು ಒಳಗೆ ಹೋಗಿ ಮೊದಲು ಮಗುವನ್ನು ಎತ್ತಿಕೊಂಡಳು. ಆಮೇಲೆ ಫೋನನ್ನು ಅತ್ತೆಯ ಕಿವಿಗೆ ಹಿಡಿದಳು. “ನಿಮ್ಮ ಮಗಳು. ನನಗೆ ಹೇಳಿದ್ದನ್ನೇ ಇನ್ನೊಂದು ಸಲ ಹೇಳು ಅಂತ ಹೇಳಿದ್ದೀನಿ.”

ಅತ್ತೆ ಕೇಳುತ್ತಾ ಹೋದಂತೆ ಮುಖದ ಬಣ್ಣ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಬೆರಳಿಗಂಟಿದ್ದ ಚೀಟಿ ಅಲ್ಲೇ ಉಳಿಯಿತು.

“ಏನಾಯ್ತಮ್ಮಾ?” ಎಂದು ಮಗ ಒಲೆ ಬಿಟ್ಟು ಓಡಿಬಂದ.

ಅತ್ತೆ ಬೆರಳಿನ ಚೀಟಿಯನ್ನೇ ನೋಡುತ್ತಿದ್ದರು.

“ಬಾಟಲಿ ನನ್ನದು,” ಎಂದರು ಕೊನೆಗೆ. “ಚೀಟಿ ಮಗಳದ್ದು. ನಾನೇ ಅಂಟಿಸಿದ್ದು. ಊರಿಗೆಲ್ಲ ಬುದ್ಧಿ ಹೇಳ್ತಿದ್ದೆ, ನನ್ನ ಟ್ರೇಗೆ ನಾನೇ ತಪ್ಪು ಚೀಟಿ ಅಂಟಿಸಿದೆ.” ಆಮೇಲೆ ಅವರ ಕಣ್ಣು ಬನ್ನುವಿನ ಮೇಲೆ ಬಿತ್ತು. “ಒಂಬತ್ತು ದಿನ. ಮಧ್ಯಾಹ್ನವಾದ್ರೆ... ಅಯ್ಯೋ, ಮಡಿಲಲ್ಲಿ ಕೆಂಡ ಇಟ್ಕೊಂಡು ಮಗೂನ ಮಲಗಿಸಿಕೊಂಡ್ನಲ್ಲೇ!”

ಸೊಸೆ ಒಂದು ಒಗೆದ ಬಟ್ಟೆಯನ್ನು ಅತ್ತೆಯ ಕೈಗಿತ್ತು, “ಬಾಯಿಗೆ ಕಟ್ಕೊಳಿ. ಹೊರಡೋಣ. ಈಗಲೇ,” ಎಂದಳು. ಗಂಡನಿಗೆ, “ಒಲೆ ಆರಿದ್ರೆ ಆರಲಿ,” ಎಂದಳು. ಆ ಮನೆಯಲ್ಲಿ ಆ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ.

ಲ್ಯಾಬಿನ ಕಿಟಕಿಯ ಮುಂದೆ ಹನ್ನೆರಡು ಜನರ ಸಾಲಿತ್ತು. ಒಬ್ಬ ಬಸುರಿ, ಮಂಡಿಗೆ ಪಟ್ಟಿ ಕಟ್ಟಿದ ಡ್ರೈವರ್, ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡ ತಂದೆ. ಅವರ ನಡುವೆ ಕೊಡೆ ರಿಪೇರಿಯ ಮುದುಕ. ಅವನ ಅಡ್ಡಹೆಸರು ‘ರೇಡಿಯೊ’. ಬೆಳಿಗ್ಗೆ ಅವನ ಕಿವಿಗೆ ಬಿದ್ದ ಸುದ್ದಿ ಮಧ್ಯಾಹ್ನಕ್ಕೆ ಊರು ಸುತ್ತುತ್ತಿತ್ತು. ಅವನನ್ನು ಕಂಡು ಅತ್ತೆಯ ಕಾಲು ನಿಂತಿತು.

“ಏನು ಬೇಕರಿಯಮ್ಮಾ, ಇಲ್ಲಿ? ಸಕ್ಕರೆಯಾ?” ಎಂದ ರೇಡಿಯೊ.

“ಹೂಂ, ಸಕ್ಕರೆನೂ ಇದೆ,” ಎಂದರು ಅತ್ತೆ. ಅದೇನೂ ಸುಳ್ಳಲ್ಲ. “ನಿಮ್ಮದೇನು?”

ರೇಡಿಯೊ ತನ್ನ ಕೈಯಲ್ಲಿದ್ದ ಚೀಟಿಯನ್ನು ಮಡಚಿ ಜೇಬಿಗೆ ತುರುಕಿದ. “ನಂದೇನಿಲ್ಲ, ಹಾಗೇ ಈ ಕಡೆ ಬಂದೆ,” ಎಂದು ಗೋಡೆಯ ಕಡೆ ತಿರುಗಿ ನಿಂತ. ಮತ್ತೆ ಏನನ್ನೂ ಕೇಳಲಿಲ್ಲ.

ಅತ್ತೆ ಸಾಲನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಎಲ್ಲರ ಕೈಯಲ್ಲೂ ಒಂದೇ ಬಣ್ಣದ ಕಾರ್ಡು. ಯಾರ ಕಾರ್ಡಿನ ಹಿಂದೆ ಯಾವ ಕಾಯಿಲೆ ಎಂದು ಹೇಳಲು ಸಾಧ್ಯವೇ ಇರಲಿಲ್ಲ. ಅಕ್ಕನ ಕಾಲದಲ್ಲಿ ಹೀಗೊಂದು ಸಾಲು ಇದ್ದಿದ್ದರೆ, ಎಂದುಕೊಂಡರು. ಮುಂದಕ್ಕೆ ಯೋಚಿಸಲು ಆಗಲಿಲ್ಲ.

ವಿಷಯ ಕೇಳಿ ಸೂಜಿಯಕ್ಕ ಎರಡು ಕ್ಷಣ ಕಣ್ಣು ಮುಚ್ಚಿದರು. “ಆ ಬಾಟಲಿಯ ಯಜಮಾನರನ್ನ ಹುಡುಕಿ ಹುಡುಕಿ ಸಾಕಾಗಿತ್ತು. ನಂಬರ್ ಇಲ್ಲ ಅಂತ ಬರ್ತಿತ್ತು. ಕೊನೆಗೆ ವಿಳಾಸದ ಊರಿಗೆ ಬರೆದ್ವಿ. ದಿನಾ ನಾಲ್ಕಕ್ಕೆ ನಿಮ್ಮ ಅಂಗಡಿಗೆ ಬರ್ತಿದ್ದೆನಲ್ಲ ದೊಡ್ಡಮ್ಮ, ಎದುರಿಗೇ ಇದ್ರಿ! ಕೆಮ್ಮು ಹೇಗಿದೆ ಅಂದ್ರೆ ವಾಸಿ ಅಂತಿದ್ರಿ.”

“ಬೈದುಬಿಡಮ್ಮ. ಬೈಸಿಕೊಳ್ಳೋಕೇ ಬಂದಿದ್ದೀನಿ.”

“ಬೈಯೋದು ಆಮೇಲೆ. ಈಗ ಇನ್ನೊಂದು ಬಾಟಲಿ.”

“ಅದೇ ಬಾಟಲಿಗೆ ಅತ್ತೆ ಹೆಸರು ಬರೆದುಕೊಂಡ್ರೆ ಆಗಲ್ವಾ?” ಎಂದು ಸೊಸೆ ಕೇಳಿದಳು. ಒಂದು ಗಳಿಗೆಯೂ ಕಾಯುವುದು ಅವಳಿಗೆ ಬೇಡವಾಗಿತ್ತು.

“ನಿಮ್ಮತ್ತೇದೇ ಇರಬಹುದು. ಆದ್ರೆ ಚೀಟಿ ತಪ್ಪಿದ ಟ್ರೇನ ನಿಮ್ಮಲ್ಲಿ ಮಾರ್ತಾರಾ?”

“ಮಾರಲ್ಲ,” ಎಂದರು ಅತ್ತೆ. ಬಾಟಲಿ ತೆಗೆದುಕೊಂಡು ಹಿತ್ತಲಿನ ಬಯಲಿಗೆ ನಡೆದರು. ಹೋಗುವ ಮುಂಚೆ ಕಿಟಕಿಯ ಹೊಸಬನ ಮುಂದೆ ನಿಂತು, ತಮ್ಮ ಹೆಸರು, ಗಂಡನ ಹೆಸರು, ಬೀದಿ, ಬೇಕರಿ, ಈಗಿನ ಫೋನ್ ನಂಬರ್, ಎಲ್ಲವನ್ನೂ ಒಂದೊಂದಾಗಿ ಹೇಳಿದರು. ದಿಂಬಿನ ಕೆಳಗಿಂದ ತಂದಿದ್ದ ಕಾರ್ಡನ್ನು ನೆಟ್ಟಗೆ ಮಾಡಿ ಮುಂದಿಟ್ಟರು.

ಯಂತ್ರಕ್ಕೆ ಎರಡು ಗಂಟೆ ಬೇಕು ಎಂದರು. ಸೊಸೆ ಮರದ ಕೆಳಗಿನ ಬೆಂಚಿನಲ್ಲಿ ಬನ್ನುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಳು. ಅತ್ತೆ ಇನ್ನೊಂದು ಬೆಂಚಿನಲ್ಲಿ, ದೂರ, ಬಾಯಿಗೆ ಬಟ್ಟೆ ಕಟ್ಟಿಕೊಂಡು. ಮಗು ನಿದ್ದೆಯಲ್ಲಿ ಒಮ್ಮೆ ಕೆಮ್ಮಿತು. ಇಬ್ಬರೂ ಒಟ್ಟಿಗೆ ಎದ್ದು ನಿಂತರು. ಮಗು ಮತ್ತೆ ಕೆಮ್ಮಲಿಲ್ಲ. ಇಬ್ಬರೂ ಕೂತರು. ಅತ್ತೆ ಹತ್ತಿರ ಬರಲಿಲ್ಲ. ಅಲ್ಲಿಂದಲೇ ಮಗುವಿನ ಎದೆ ಏರಿಳಿಯುವುದನ್ನು ನೋಡುತ್ತಿದ್ದರು.

ಒಳಗೆ ಕರೆದಾಗ ಡಾಕ್ಟರ ಮುಂದೆ ಎಲ್ಲವೂ ಒಂದೇ ಕಡೆ ಇತ್ತು.

“ಕ್ಷಯ ಇದೆ,” ಎಂದರು ಡಾಕ್ಟರು ನೇರವಾಗಿ. “ಮಾಮೂಲು ಮಾತ್ರೆಗೆ ಬಗ್ಗೋ ಜಾತಿಯದು. ಆರು ತಿಂಗಳು ಒಂದು ದಿನವೂ ಬಿಡದೆ ನುಂಗಬೇಕು. ಆದ್ರೆ ಸಕ್ಕರೆ ಏರಿದ್ರೆ ಕ್ಷಯ ಬಗ್ಗಲ್ಲ, ಕ್ಷಯ ಇದ್ರೆ ಸಕ್ಕರೆ ಇಳಿಯಲ್ಲ. ಇವೆರಡೂ ಒಂದಕ್ಕೊಂದು ಕೈ ಹಿಡಿದು ನಡೆಯೋ ಕಾಯಿಲೆಗಳು. ಹೋದ ಸಲ ನನಗೆ ಒಂದೇ ಕೈ ಕಂಡಿತ್ತು. ಇವತ್ತು ಎರಡೂ ಕಾಣ್ತಿದೆ. ಒಟ್ಟಿಗೆ ನೋಡೋಣ. ಎಚ್‌ಐವಿ ಪರೀಕ್ಷೆನೂ ಮಾಡಿಸಿಬಿಡಿ, ಕ್ಷಯ ಬಂದ ಎಲ್ಲರಿಗೂ ಹೇಳೋದು ಅದು. ಅದೇ ಕಿಟಕಿ, ಅದೇ ಕಾರ್ಡು.”

“ನಮ್ಮ ಬ್ರೆಡ್ಡು ಡಾಕ್ಟ್ರೇ?” ಎಂದರು ಅತ್ತೆ. “ತಿಂದೋರಿಗೆ ಬರುತ್ತಾ?”

“ಈ ರೋಗ ಗಾಳಿಯಲ್ಲಿ ಹರಡುತ್ತೆ, ಬ್ರೆಡ್ಡಲ್ಲಿ ಅಲ್ಲ. ಲೋಟ ತಟ್ಟೆಯಿಂದಲೂ ಅಲ್ಲ.”

“ಹಾಗಾದ್ರೆ ನನ್ನ ಮಗಳ ಲೋಟ...” ಎಂದು ಶುರುಮಾಡಿ ಅತ್ತೆ ನಿಲ್ಲಿಸಿದರು.

“ಮಗು?” ಎಂದಳು ಸೊಸೆ. ಅವಳಿಗೆ ಬೇರೆ ಯಾವ ಮಾತೂ ಕೇಳಿಸಿರಲಿಲ್ಲ.

ಬನ್ನುವಿನ ತೂಕ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ಎಕ್ಸ್-ರೇ ತೆಗೆದರು. ಅದು ಬರುವವರೆಗೆ ಸೊಸೆ ನಿಂತೇ ಇದ್ದಳು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದರು.

“ಕಾಯಿಲೆ ಇಲ್ಲ. ಆದ್ರೆ ಜೊತೆಯಲ್ಲೇ ಮಲಗಿದೆ ಅಂತೀರಿ. ರೋಗದ ಬೀಜ ಮೈಯಲ್ಲಿ ಅಡಗಿರಬಹುದು. ಅದು ಮೊಳೆಯದ ಹಾಗೆ ಈಗಿಂದಲೇ ಔಷಧಿ ಕೊಡೋಣ. ನೀವಿಬ್ಬರೂ, ಗಂಡ ಹೆಂಡತಿ, ಪರೀಕ್ಷೆ ಮಾಡಿಸಿಕೊಳ್ಳಿ. ಅಜ್ಜಿ, ನಾನು ಹೇಳೋವರೆಗೆ ನೀವು ಬೇರೆ ಕೋಣೆಯಲ್ಲಿ, ಕಿಟಕಿ ತೆಗೆದು ಮಲಗಬೇಕು. ಮಾತ್ರೆ ಸರಿಯಾಗಿ ನುಂಗಿದ್ರೆ ಕೆಲವೇ ವಾರಗಳಲ್ಲಿ ನಿಮ್ಮಿಂದ ಹರಡೋದು ಬಹಳ ಕಡಿಮೆಯಾಗುತ್ತೆ.”

ಸೊಸೆ ಆಗ ಕೂತಳು.

ಅಂದೇ ಅತ್ತೆ ಮಗಳಿಗೆ ಫೋನ್ ಮಾಡಿದರು. ಬೀಗಿತ್ತಿಯನ್ನೂ ಫೋನಿಗೆ ಕರೆಸಿ, ತಪ್ಪು ತಮ್ಮದೆಂದು, ಯಾರಿಗೂ ಲೋಟ ಬೇರೆ ಇಡಬೇಕಾಗಿಲ್ಲವೆಂದು ಡಾಕ್ಟರ ಮಾತನ್ನು ಒಪ್ಪಿಸಿದರು. ಆಮೇಲೆ ಮಗಳಿಗೆ ಹೇಳಿದರು, “ನಿನ್ನ ಹೆಸರನ್ನ ಕೇಳದೆ ತಗೊಂಡಿದ್ದೆ. ತೊಳೆದು ವಾಪಸ್ ಕೊಡ್ತಿದ್ದೀನಿ.”

“ಇಸ್ತ್ರಿ ಮಾಡಿ ಕೊಡಮ್ಮ, ಮುದುಡಿದೆ,” ಎಂದಳು ಮಗಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ಈಗ ನಾಲ್ಕು ತಿಂಗಳಾಗಿದೆ. ಅತ್ತೆಯ ರವಿಕೆಯ ತೋಳು ಮತ್ತೆ ಬಿಗಿಯಾಗಿದೆ. ಸಕ್ಕರೆ ಹತೋಟಿಯಲ್ಲಿದೆ. ಮಾತ್ರೆಯ ಪಟ್ಟಿಯನ್ನು ಅವರು ಹಿಟ್ಟಿನ ಡಬ್ಬದ ಮೇಲೆಯೇ ಇಟ್ಟಿದ್ದಾರೆ, ಯಾರು ಬೇಕಾದರೂ ನೋಡಲಿ ಎಂದು. ನೋಡಿದ ಇಬ್ಬರು ಗಿರಾಕಿಗಳು ಬ್ರೆಡ್ ಕೊಳ್ಳುವುದನ್ನು ಬಿಟ್ಟರು, ಅವರಲ್ಲಿ ಒಬ್ಬರು ವಾಪಸ್ ಬಂದರು. ಮೂರನೆಯವನಾಗಿ ನೋಡಿದ ರೇಡಿಯೊ ಅಂಗಡಿ ಖಾಲಿಯಾಗುವವರೆಗೂ ಕಾದು, “ಬೇಕರಿಯಮ್ಮ, ಮಾತ್ರೆ ನುಂಗಿದ್ರೆ ನಿಮಗೂ ಬಾಯಿ ಕಹಿ ಆಗುತ್ತಾ?” ಎಂದು ಕೇಳಿದ. ಆ ಸುದ್ದಿ ಮಾತ್ರ ಊರು ಸುತ್ತಲಿಲ್ಲ. ಅತ್ತೆ ಯಾರಿಗೂ ಹೇಳಲಿಲ್ಲ.

ಬನ್ನು ಔಷಧಿ ಕುಡಿಯುವಾಗ ದಿನಾ ಮುಖ ಕಿವುಚುತ್ತಾಳೆ. ಮತ್ತೆ ಅಜ್ಜಿಯ ಪಕ್ಕದಲ್ಲೇ ಮಲಗುತ್ತಾಳೆ, ಡಾಕ್ಟರು ಒಪ್ಪಿದ ಮೇಲೆಯೇ. ಆದರೂ ಸೊಸೆ ಮಧ್ಯಾಹ್ನ ಒಂದು ಸಲ ಪರದೆ ಸರಿಸಿ ನೋಡುತ್ತಾಳೆ. ಆ ಒಂಬತ್ತು ದಿನಗಳು ಅವಳ ಲೆಕ್ಕದಲ್ಲಿ ಇನ್ನೂ ಮುಗಿದಿಲ್ಲ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಒಂದು ಕೆಮ್ಮು ಇರಬಹುದು. ಅದಕ್ಕೆ ಹಿಟ್ಟಿನ ಕೆಮ್ಮು, ಬೀಡಿಯ ಕೆಮ್ಮು, ಚಳಿಯ ಕೆಮ್ಮು ಎಂದು ಒಂದು ಮುದ್ದಿನ ಹೆಸರೂ ಇರಬಹುದು. ಎರಡು ವಾರ ದಾಟಿದ್ದರೆ ನಾಳೆಯೇ ಕರೆದುಕೊಂಡು ಹೋಗಿ. ಈಗ ಹಲವು ಆರೋಗ್ಯ ಕೇಂದ್ರಗಳಲ್ಲಿ ಕಾಯಿಲೆಗೊಂದು ಬಾಗಿಲು ಇಲ್ಲ. ನಿಮ್ಮಲ್ಲಿ ಇನ್ನೂ ಇದ್ದರೆ, ಯಾಕಿದೆ ಎಂದು ನಿಮ್ಮೂರಿನ ಸಂಘದ ಸಭೆಯಲ್ಲಿ ಕೇಳಿ, ಕೇಂದ್ರದ ವೈದ್ಯರನ್ನೂ ಕೇಳಿ. ಸಾಲಿನಲ್ಲಿ ನಾಚಿಕೆ ಬೇಡ, ನಿಮ್ಮ ಮುಂದಿರುವವರ ಜೇಬಿನಲ್ಲೂ ಒಂದು ಮಡಚಿದ ಚೀಟಿ ಇರುತ್ತದೆ. ಎಲ್ಲ ಪರೀಕ್ಷೆಗೂ ಒಂದೇ ಕಾರ್ಡ್ ತೋರಿಸಿ, ಚಾಲ್ತಿಯಲ್ಲಿರುವ ಫೋನ್ ನಂಬರನ್ನೇ ಕೊಡಿ. ಒಂದು ಲ್ಯಾಬ್ ನಿಮ್ಮ ಹತ್ತು ಕಾಯಿಲೆಗಳನ್ನು ಒಟ್ಟಿಗೆ ಹಿಡಿಯಬಲ್ಲದು, ಆದರೆ ಅವು ಯಾರ ಕಾಯಿಲೆಗಳೆಂದು ನೀವೇ ಹೇಳಬೇಕು.

ಕಿಟಕಿಯಲ್ಲಿ ಕೇಳಿದಾಗ ನಿಮ್ಮ ಹೆಸರನ್ನೇ ಹೇಳಿ. ನಿಮ್ಮ ಪಕ್ಕದಲ್ಲಿ ಮಲಗುವ ಮಗುವಿಗಾಗಿಯಾದರೂ ಹೇಳಿ.